ಓರೆಯಾಗಿ ಕೂತ ಮೂಗುಬೊಟ್ಟು

ನನಗೊಂದು ಕೆಟ್ಟ ಚಾಳಿಯಿದೆ. ಯಾರು ಎದುರಾದರೂ ಮೊದಲು ಅವರ ಮೂಗು ನೋಡುತ್ತೇನೆ. ದಿನಾ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಎದುರು ಕೂತವರ ಮೂಗಿಗೆ ಮನಸ್ಸಿನಲ್ಲೇ ಅಂಕ ಹಾಕುತ್ತೇನೆ. ಎಷ್ಟೋ ಮೂಗುಗಳನ್ನು ಧಾರಾಳವಾಗಿ ಪಾಸು ಮಾಡಿದ್ದೇನೆ. ನನ್ನದು ಮಾತ್ರ ಇನ್ನೂ ಪಾಸಾಗಿಲ್ಲ.

ನಾನು ಹುಟ್ಟಿದ್ದೇ ಸೀಳುತುಟಿಯೊಂದಿಗೆ. ತುಟಿಯನ್ನು ಎಳವೆಯಲ್ಲೇ ಹೊಲಿದರು. ಆದರೆ ಎಡಹೊಳ್ಳೆ ಚಪ್ಪಟೆಯಾಗಿಯೇ ಉಳಿಯಿತು, ಮೇಲ್ದವಡೆ ಮುಂದೆ ಬೆಳೆಯದೆ ಹಿಂದೆ ನಿಂತಿತು. ಅಮ್ಮನ ಪ್ರಕಾರ ಇಷ್ಟಕ್ಕೂ ಕಾರಣ ಒಂದು ಹೀರೇಕಾಯಿ. ನಾನು ಹೊಟ್ಟೆಯಲ್ಲಿದ್ದಾಗ, ಕಾರ್ಖಾನೆಯ ಪಾಳಿ ಮುಗಿಸಿ ಬರುವ ಅಪ್ಪನಿಗೆ ಅಡುಗೆಯಾಗಬೇಕೆಂದು ಗ್ರಹಣದ ಹೊತ್ತಿನಲ್ಲೇ ಅದನ್ನು ಹೆಚ್ಚಿದ್ದಳಂತೆ. ಬಸುರಿ ಗ್ರಹಣದಲ್ಲಿ ಈಳಿಗೆ ಮುಟ್ಟಿದರೆ ಮಗುವಿನ ತುಟಿ ಸೀಳುತ್ತದೆ ಎಂದು ನ್ಯೂ ಟೌನಿನ ನಮ್ಮ ಸಾಲಿನ ಹೆಂಗಸರೆಲ್ಲ ತೀರ್ಪು ಕೊಟ್ಟರು. ಆಮೇಲೆ ನಮ್ಮ ಮನೆಗೆ ಹೀರೇಕಾಯಿ ಬರಲೇ ಇಲ್ಲ. ಅದರ ಚಟ್ನಿಯ ರುಚಿ ನನಗೆ ಗೊತ್ತಾಗಿದ್ದು ಕಾಲೇಜಿನ ಹಾಸ್ಟೆಲಿನಲ್ಲಿ.

ಹಳೆಯ ಕವಿಗಳು ನಾಯಕಿಯ ಮೂಗನ್ನು ಸಂಪಿಗೆಗೆ ಹೋಲಿಸಿ ಕೈತೊಳೆದುಕೊಂಡರು. ಆ ಸಂಪಿಗೆ ಯಾವ ಮೂಳೆಯ ಮೇಲೆ ನಿಂತಿದೆ ಎಂದು ಒಬ್ಬರೂ ವಿಚಾರಿಸಲಿಲ್ಲ. ಅದನ್ನು ನನಗೆ ತಿಳಿಸಿದವರು ಘಟ್ಟದ ಕೆಳಗಿನ ಆಸ್ಪತ್ರೆಯ ಡಾಕ್ಟರು. ತೊಂಬತ್ತರ ದಶಕದ ಕೊನೆಯಲ್ಲಿ, ನನಗೆ ಹತ್ತೊಂಬತ್ತು ತುಂಬಿದಾಗ, ಅವರು ನನ್ನ ಮೇಲ್ದವಡೆಯನ್ನು ಕತ್ತರಿಸಿ ಮುಂದಕ್ಕೆ ತಂದು ಕೂರಿಸಿದರು.

"ಮೂಗಿನ ತುದಿ ಸ್ವಲ್ಪ ಮೇಲೆ ಬರ್ತದೆ, ಹೊಳ್ಳೆ ಅಗಲ ಆಗ್ತದೆ. ಓರೆ ಪೂರ್ತಿ ಹೋಗುದಿಲ್ಲ. ಊತ ಎಲ್ಲ ಇಳೀಲಿ, ಒಂದು ವರ್ಷ ಬಿಟ್ಟು ಮೂಗಿನ ಆಪರೇಷನ್ ಮಾಡುವ" ಎಂದರು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದರು. ಅಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಕೇಳಿಸಿಕೊಂಡಿದ್ದು ಮಾತ್ರ ಮೂಗಿನ ತುದಿ ಮೇಲೆ ಬರುತ್ತದೆ ಎಂಬುದೊಂದನ್ನೇ.

ಎರಡೇ ತಿಂಗಳಿಗೆ ನನ್ನನ್ನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಚಿನ್ನದ ಕೆಲಸದ ಆಚಾರಿಯ ಅಂಗಡಿಗೆ ಕರೆದುಕೊಂಡು ಹೋದಳು. ಅಜ್ಜಿಯ ಬಿಳಿಕಲ್ಲಿನ ಮೂಗುಬೊಟ್ಟು ಅವಳ ಸೆರಗಿನ ಗಂಟಿನಲ್ಲಿತ್ತು. ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಎಡಕ್ಕೇ ಚುಚ್ಚಿಸಿಕೊಂಡವರು. ನನ್ನ ಎಡಹೊಳ್ಳೆ ಏಳಲಿ ಎಂದು ಆ ಬೊಟ್ಟು ಅಷ್ಟು ವರ್ಷ ಡಬ್ಬಿಯಲ್ಲಿ ಕಾದಿತ್ತು.

"ಇನ್ನೂ ಊದ್ಕೊಂಡಿದೆಯಲ್ಲ ತಾಯಿ" ಎಂದರು ಆಚಾರಿ.

"ಊತ ಅಲ್ಲ ಮಾರಾಯ್ರೇ, ಅದು ಡಾಕ್ಟ್ರು ಎತ್ತಿರೋ ಮೂಗು. ಚುಚ್ಚಿ ನೀವು!"

ನನಗಾದರೂ ಬುದ್ಧಿ ಬೇಡವೇ? ನಾನೂ ಊತವನ್ನೇ ಚೆಲುವೆಂದು ನಂಬಿ ಮುಖ ಚಾಚಿ ಕೂತೆ. ಬೊಟ್ಟು ಕೂತಿತು. ಅಮ್ಮ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಈಗ ಸರಿಯಾಯ್ತು ನೋಡು" ಎಂದಳು. ಹತ್ತೊಂಬತ್ತು ವರ್ಷಗಳಲ್ಲಿ ಅವಳು ನನ್ನ ಮುಖವನ್ನು ತಾನೇ ಅಪರಾಧಿಯೆಂಬ ಹಾಗೆ ನೋಡದೆ ಇದ್ದದ್ದು ಅದೊಂದೇ ಗಳಿಗೆ.

ಊತ ಇಳಿಯಿತು. ಹೊಳ್ಳೆ ಡಾಕ್ಟರು ಹೇಳಿದ ಹಾಗೆಯೇ ಅಗಲವಾಯಿತು, ಬೊಟ್ಟು ಓರೆಯಾಗಿ ಕೆನ್ನೆಯ ಕಡೆ ಜಾರಿ ಕೂತಿತು. ಅಮ್ಮ ದಿನಾ ಬೆಳಿಗ್ಗೆ ಜಡೆ ಹಾಕಿ ಮುಗಿಸಿ, ಬೆರಳ ತುದಿಯಿಂದ ಅದನ್ನು ಮೇಲಕ್ಕೆ ತಳ್ಳುತ್ತಿದ್ದಳು. ಅದು ಮತ್ತೆ ಜಾರುತ್ತಿತ್ತು. ಒಂದು ದಿನ, "ಇದೂ ನನ್ನಿಂದ್ಲೇ ಹಾಳಾಯ್ತಲ್ಲೇ" ಎಂದಳು. "ಇಲ್ಲಮ್ಮ" ಎನ್ನುವಷ್ಟಾದರೂ ಬಾಯಿ ಬರಬೇಕಿತ್ತು ನನಗೆ. ಬರಲಿಲ್ಲ. ಸಿಟ್ಟಿತ್ತು. ಆ ಮಳೆಗಾಲದಲ್ಲಿ ಜ್ವರವೆಂದು ಮಲಗಿದವಳು ಏಳಲಿಲ್ಲ.

ವರ್ಷ ತುಂಬಿದ ಮೇಲೆ ಡಾಕ್ಟರ ಬಳಿ ಹೋದೆ. ಅವರು ಮೂಗನ್ನು ಆಚೀಚೆ ತಿರುಗಿಸಿ ನೋಡಿ, "ಈ ತೂತು ಮುಚ್ಚಿ ಹೊಲೀಬೇಕು. ಆಮೇಲೆ ಸರಿಯಾದ ಜಾಗದಲ್ಲಿ ಚುಚ್ಚಿಸ್ಕೊಳ್ಳಿ" ಎಂದರು. ಯೋಚನೆ ಮಾಡಿ ಬರ್ತೀನಿ ಎಂದು ಎದ್ದು ಬಂದೆ. ಎಷ್ಟೋ ವರ್ಷವಾಯಿತು, ಇನ್ನೂ ಯೋಚಿಸುತ್ತಿದ್ದೇನೆಂದು ಅವರು ತಿಳಿದಿರಬೇಕು.

ನಾನು ಅವತ್ತೇ ಯೋಚಿಸಿ ಮುಗಿಸಿದ್ದೆ. ಆ ತೂತನ್ನು ಮುಚ್ಚಿಸಿದರೆ ಅಮ್ಮ ತಪ್ಪು ಮಾಡಿದಳೆಂದು ನಾನೂ ಒಪ್ಪಿದಂತಾಗುತ್ತಿತ್ತು. ಈಗ ದಿನಾ ಬೆಳಿಗ್ಗೆ ಜಡೆ ಹಾಕಿಕೊಂಡ ಮೇಲೆ ಬೊಟ್ಟನ್ನು ನಾನೇ ಬೆರಳಿನಿಂದ ಮೇಲಕ್ಕೆ ತಳ್ಳಿಕೊಳ್ಳುತ್ತೇನೆ. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಅದು ಜಾರಿರುತ್ತದೆ.