ಅವ್ವನ ಹೆಡ್‌ಫೋನ್ ಪೆಟ್ಟಿಗೆ

ತೊಂಬತ್ತರ ದಶಕದಲ್ಲಿ ಬಾಬುರಾಯನಕೊಪ್ಪಲಿನ ನಮ್ಮ ಮನೆಯಲ್ಲಿ ಕರೆಂಟಿನ ಯಾವ ಸಾಮಾನೂ ಬರಿಮೈಯಲ್ಲಿ ಇರುವಂತಿರಲಿಲ್ಲ. ಟಿವಿ, ರೇಡಿಯೋ, ಕೊನೆಗೆ ಮಿಕ್ಸಿಗೂ ಅವ್ವ ಬಿಳಿ ನೂಲಿನಲ್ಲಿ ಹೆಣೆದ ಹೊದಿಕೆ ಹಾಕುತ್ತಿದ್ದಳು. ಅವಳಿಗೆ ಕಿವಿ ಮಂದವಾಗಿ, ನಮ್ಮ ರೇಡಿಯೋ ಇಡೀ ಬೀದಿಗೆ ಕೇಳಿಸತೊಡಗಿದಾಗ, ಪಾಂಡವಪುರದ ಗೆಳೆಯನಿಂದ ಹೆಡ್‌ಫೋನಿಗೆಂದೇ ಒಂದು ಪುಟ್ಟ ಆಂಪ್ಲಿಫೈಯರ್ ಮಾಡಿಸಿ ತಂದೆ. ಅದರ ಹಿಂದುಗಡೆ ಗೇನ್ ಸ್ವಿಚ್ಚು. ಮೇಲಕ್ಕೆ ಒತ್ತಿದರೆ ಸದ್ದು ಜೋರು, ಕೆಳಕ್ಕೆ ಒತ್ತಿದರೆ ಮೆಲ್ಲಗೆ.

ವಾರದೊಳಗೆ ಪೆಟ್ಟಿಗೆ ದೋಸೆಕಲ್ಲಿನಂತೆ ಕಾಯತೊಡಗಿತು. ಗೇನ್ ಜಾಸ್ತಿಯಾಗಿರಬೇಕೆಂದು ಸ್ವಿಚ್ಚನ್ನು ಕೆಳಗಿಳಿಸಿದೆ. ಬಿಸಿ ಒಂದಿಷ್ಟೂ ಇಳಿಯಲಿಲ್ಲ, ಅವ್ವನಿಗೆ ಮಾತ್ರ ಏನೂ ಕೇಳದಂತಾಯಿತು. ಗೆಳೆಯನನ್ನು ಬೈದುಕೊಳ್ಳುತ್ತ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ ಪಾಂಡವಪುರದ ಬಸ್ಸು ಹತ್ತಿದೆ.

ಅವನ ಮೇಜಿನ ಮೇಲೆ, ಗೇನ್ ಮೇಲಕ್ಕಿಟ್ಟು, ನಾವು ಊಟ ಮುಗಿಸಿ ಬರುವ ತನಕ ಓಡಿಸಿದೆವು. ಮುಟ್ಟಿದರೆ ಉಗುರುಬೆಚ್ಚಗಿತ್ತು, ಅಷ್ಟೇ.

‘ಚೆನ್ನಾಗೇ ಅದೆ ಕಣ್ಲಾ!’ ಎಂದ ಗೆಳೆಯ.

ಆಗ ಮುಚ್ಚಳದ ಗಾಳಿತೂತಿನಲ್ಲಿ ಸಿಕ್ಕಿಕೊಂಡಿದ್ದ ಬಿಳಿ ನೂಲಿನ ಎಳೆ ನನ್ನ ಕಣ್ಣಿಗೆ ಬಿತ್ತು. ಅವ್ವ ಇದಕ್ಕೂ ಹೊದಿಸಿಬಿಟ್ಟಿದ್ದಳು; ಎಲ್ಲಕ್ಕೂ ಹೊದಿಕೆ ನೋಡಿ ನೋಡಿ ನನಗದು ಲೆಕ್ಕಕ್ಕೇ ಬಂದಿರಲಿಲ್ಲ! ಪೆಟ್ಟಿಗೆಗೆ ಉಸಿರಾಡಲು ಜಾಗವೇ ಇರಲಿಲ್ಲ. ಸುಟ್ಟೇಹೋಯಿತೆಂದು ಹೆದರಿದ್ದ ನನಗೆ ಹೋದ ಜೀವ ಬಂದಂತಾಯಿತು.

ಮನೆಯಲ್ಲಿ ಪೆಟ್ಟಿಗೆ ಇಟ್ಟೊಡನೆ ಅವ್ವ ಹೊದಿಕೆ ಹಿಡಿದು ಬಂದಳು. ನಾನು ಕಿತ್ತುಕೊಂಡೆ.

‘ಇಂಗೆ ಬರಿಮೈಲಿ ಮಡಗಿದ್ರೆ ನೆಂಟ್ರು ಏನಂದಾರ್ಲಾ?’

ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿ, ಗೇನ್ ಮೇಲಕ್ಕೇರಿಸಿ, ‘ಏನಾರ ಅನ್ಲಿ ಬುಡವ್ವ, ನಿಂಗೆ ಕೇಳ್ಸಕಿಲ್ಲ’ ಎಂದೆ.

ಅವ್ವ ಆಗಲೇ ಹಾಡಿಗೆ ತಲೆದೂಗುತ್ತಿದ್ದಳು.