ಬಿಳಿ ಹಾವಿಗೆ ಇಟ್ಟ ಕುಂಕುಮ

ಡಿಪೆಂಡೆಂಟ್ ವೀಸಾದವರಿಗೂ ಕೆಲಸ ಮಾಡಲು ಅನುಮತಿ ಸಿಕ್ಕ ಮೇಲೆ ನಾನು ಸಿಯಾಟಲ್ ಹತ್ತಿರದ ವುಡಿನ್‌ವಿಲ್‌ನ ಒಂದು ಫ್ರೇಮ್ ಅಂಗಡಿಗೆ ಸೇರಿದೆ. ಸಿವಿಲ್ ಎಂಜಿನಿಯರಿಂಗ್ ಓದಿದವಳು ಚಿತ್ರಗಳಿಗೆ ಕಟ್ಟು ಹಾಕುವುದೇ ಎಂದು ನಾವಿದ್ದ ಈಸ್ಟ್‌ಗೇಟಿನ ನಮ್ಮ ಕನ್ನಡದ ಗುಂಪು ಮೂಗು ಮುರಿಯಿತು. ನಾನು ತಲೆಕೆಡಿಸಿಕೊಳ್ಳಲಿಲ್ಲ. ಮರದ ಪಟ್ಟಿಯನ್ನು ಸರಿಯಾದ ಕೋನಕ್ಕೆ ಕೊಯ್ದು, ಎರಡು ತುದಿಗಳು ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂಡಿಕೊಂಡಾಗ ಸಿಗುವ ಸಮಾಧಾನ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅಂಗಡಿಯ ಮಾಲೀಕರು ವಯಸ್ಸಾದ ಅಮೆರಿಕನ್, ಮಿತಭಾಷಿ. ನಮ್ಮಿಬ್ಬರಿಗೂ ಸರಿಹೊಂದಿತು.

ಬರುತ್ತಿದ್ದುದು ಹೆಚ್ಚಾಗಿ ಮದುವೆಯ ಫೋಟೋಗಳು, ವೈನ್ ಅಂಗಡಿಗಳ ಪೋಸ್ಟರುಗಳು. ಒಂದು ಬೇಸಿಗೆಯಲ್ಲಿ ಹೈಟಿಯವಳೊಬ್ಬಳು ಚಿತ್ರಗಳನ್ನು ಹಳೆಯ ಹೊದಿಕೆಯಲ್ಲಿ ಸುತ್ತಿಕೊಂಡು ಬಂದಳು. ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುವ ಕೆಲಸ ಅವಳದು, ರಜೆಯ ದಿನ ಚಿತ್ರ ಬರೆಯುತ್ತಾಳೆ. ಎಲ್ಲವೂ ಅವಳ ಊರಿನ ವೋಡು ದೇವತೆಗಳು. ವೋಡು ಎಂದರೆ ಗೊಂಬೆಗೆ ಸೂಜಿ ಚುಚ್ಚುವ ಮಾಟ ಎಂದು ಸಿನಿಮಾ ನೋಡಿ ತಿಳಿದಿದ್ದ ನನಗೆ ಆ ಚಿತ್ರಗಳಲ್ಲಿ ಒಂದು ಸೂಜಿಯೂ ಕಾಣಲಿಲ್ಲ. ಕನ್ನಡಿ ಹಿಡಿದ ಸಮುದ್ರದ ಹೆಣ್ಣು, ಕೆಂಪು ಬಟ್ಟೆಯ ಕತ್ತಿವೀರ, ಸ್ಮಶಾನದ ಗೇಟಿಗೆ ಒರಗಿ ನಿಂತ ಕಪ್ಪು ಹ್ಯಾಟಿನವನು, ಕಂಬದ ಸುತ್ತ ಬಿಳಿ ಉಡುಪಿನಲ್ಲಿ ಕುಣಿಯುವ ಹೆಂಗಸರು.

ನನಗೆ ಎಲ್ಲರೂ ಗುರುತಿನವರೇ ಆಗಿಬಿಟ್ಟರು. ಸಮುದ್ರದವಳು ಗಂಗಮ್ಮ, ಕತ್ತಿಯವನು ವೀರಭದ್ರ, ಹ್ಯಾಟಿನವನು ಮಸಣದ ಶಿವ. ಅವಳು ಬಂದಾಗಲೆಲ್ಲ "ನಮ್ಮಲ್ಲೂ ಇದಾನೆ ಇವನು" ಎಂದು ಶುರುಮಾಡಿ ಕಥೆ ಹೇಳುತ್ತಿದ್ದೆ. ಅವಳು "ಓ" ಎನ್ನುತ್ತಿದ್ದಳು. ಆ "ಓ" ಒಪ್ಪಿಗೆ ಎಂದುಕೊಂಡೆ. ದೇವರೆಲ್ಲ ಒಂದೇ ಎಂದು ಹೇಳುವವರಿಗೆ ಎದುರಿನವರ ಮುಖ ಓದುವ ಅಭ್ಯಾಸ ಕಡಿಮೆ.

ಅಕ್ಟೋಬರಿನಲ್ಲಿ ಅವಳು ಒಂದು ದೊಡ್ಡ ಚಿತ್ರ ತಂದಳು. ಕಂಬಕ್ಕೆ ಸುತ್ತಿಕೊಂಡ ಬಿಳಿ ಹಾವು, ಮೇಲೆ ಕಾಮನಬಿಲ್ಲು, ಕೆಳಗೆ ಹಿಟ್ಟಿನ ಗುಡ್ಡೆಯ ಮೇಲೆ ಒಂದು ಮೊಟ್ಟೆ. ಅದರ ಕಥೆಯನ್ನು ಅವಳೇ ಹೇಳಿದಳು. ಅವಳ ತಾಯಿ ಊರಿನಲ್ಲಿ ಒಂದು ಗುಡಿ ನಡೆಸುತ್ತಿದ್ದರು. ಗುಡಿಯ ಗೋಡೆಯ ಮೇಲೆ ಈ ಹಾವಿನ ಚಿತ್ರವಿತ್ತು. ಭೂಕಂಪದಲ್ಲಿ ಗೋಡೆ ಬಿತ್ತು. ಅದರದೊಂದು ಫೋಟೋ ಕೂಡ ಯಾರಲ್ಲೂ ಇರಲಿಲ್ಲ. ತಾಯಿ ಈಗ ಫ್ಲೋರಿಡಾದಲ್ಲಿ ಮಗನ ಮನೆಯಲ್ಲಿದ್ದಾರೆ, ಕಣ್ಣು ದಿನೇ ದಿನೇ ಹೋಗುತ್ತಿದೆ. ಎವರೆಟ್‌ನ ಒಂದು ಸಣ್ಣ ಸಭಾಂಗಣದಲ್ಲಿ ಇವಳ ಚಿತ್ರಗಳ ಪ್ರದರ್ಶನ, ಅದಕ್ಕೆ ಅವರು ಶನಿವಾರ ಬರುತ್ತಾರೆ.

"ಅಮ್ಮಂಗೆ ಆ ಗೋಡೆ ಇನ್ನೊಂದ್ಸಲ ತೋರಿಸ್ಬೇಕು. ಮುಂದಿನ್ ವರ್ಷ ಅವಳಿಗೆ ಕಾಣಲ್ಲ," ಎಂದಳು. ಗಾಜು ಬೇಡ, ಬಿಳಿ ಮರದ ಕಟ್ಟು ಸಾಕು ಎಂದು ಬರೆಸಿ ಹೋದಳು.

ಆ ವಾರವೇ ಆಯುಧಪೂಜೆ. ಸಿಯಾಟಲ್ ಸುತ್ತಮುತ್ತಲ ನಮ್ಮವರು ಅಂದು ಲ್ಯಾಪ್‌ಟಾಪಿಗೆ ಹೂವಿಟ್ಟು, ಕಾರಿನ ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ನಾನು ಅಂಗಡಿಯಲ್ಲಿ ಮಾಲೀಕರ ಅನುಮತಿ ಪಡೆದು ಗರಗಸ, ಮೊಳೆಯ ಯಂತ್ರ, ಅಳತೆಪಟ್ಟಿ ಎಲ್ಲವನ್ನೂ ಒರೆಸಿ ಅರಿಶಿನ ಕುಂಕುಮ ಹಚ್ಚಿದೆ. ದೇವರ ಕೋಣೆಯಲ್ಲಿ ಮೈಮರೆಯುವವಳಲ್ಲ ನಾನು. ಆದರೆ ಕೆಲಸ ಮಾಡುವ ವಸ್ತುವಿಗೆ ವರ್ಷಕ್ಕೊಮ್ಮೆ ಕೈಮುಗಿಯದಿದ್ದರೆ ಕೈ ಓಡುವುದಿಲ್ಲ. ಕುಂಕುಮ ಕಲಸಿದ್ದು ಬೆರಳಲ್ಲಿ ಇನ್ನೂ ಉಳಿದಿತ್ತು. ಮೇಜಿನ ಮೇಲೆ ಹಾವು ಮಲಗಿತ್ತು. ನಾಗರಕಲ್ಲು ಕಂಡರೆ ಕೈ ತಾನಾಗಿ ಹೋಗುವ ಹಾಗೆ ಹೋಯಿತು. ಹೆಡೆಯ ಮಧ್ಯೆ ಒಂದು ಬೊಟ್ಟು ಇಟ್ಟು ಕಣ್ಣು ಮುಚ್ಚಿ ಕೈಮುಗಿದೆ. ನಿಜ ಹೇಳಬೇಕೆಂದರೆ ಆ ಕ್ಷಣ ನನ್ನ ಬಗ್ಗೆ ನನಗೆ ಬಹಳ ಮೆಚ್ಚುಗೆಯಾಯಿತು.

ಮಾಲೀಕರು ಹಿಂದಿನಿಂದ, "ಅದು ಗಿರಾಕಿಯದಲ್ವಾ?" ಎಂದರು.

ತಕ್ಷಣ ಒದ್ದೆ ಹತ್ತಿಯಲ್ಲಿ ಒರೆಸಿದೆ. ವಾರ್ನಿಷ್ ಹಚ್ಚದ ಬಣ್ಣ ಕುಂಕುಮವನ್ನು ಕುಡಿದುಬಿಟ್ಟಿತು. ಬೊಟ್ಟು ಇದ್ದದ್ದು ಗುಲಾಬಿ ಕಲೆಯಾಗಿ, ಒರೆಸಿದಷ್ಟೂ ಹರಡಿ, ಕೊನೆಗೆ ಅಂಗೈಯಗಲವಾಯಿತು. ಆಮೇಲೆ ಹತ್ತಿ ಕೆಳಗಿಟ್ಟು ಅವಳಿಗೆ ಫೋನ್ ಮಾಡಿದೆ.

ಕಾರ್ಖಾನೆಯ ಬಟ್ಟೆಯಲ್ಲೇ ಬಂದಳು. ನೋಡಿದಳು. ಕೂಗಾಡಲಿಲ್ಲ, ಕೂಗಾಡಿದ್ದರೆ ಒಳ್ಳೆಯದಿತ್ತು.

"ಕೆಂಪು ಇವನಿಗೆ ಆಗಲ್ಲ," ಎಂದಳು. "ಇವನಿಗೆ ಬಿಳೀ ಬಟ್ಟೆ, ಬಿಳೀ ಅನ್ನ, ಮೊಟ್ಟೆ. ತಣ್ಣಗಿರೋನು. ಕೆಂಪಿನೋರು ಬೇರೆ, ಬಿಸಿ ಇರೋರು. ಅವ್ರನ್ನ ಇವನ್ ಮನೆಗೆ ಕರೀಬಾರ್ದು."

"ನಮ್ಮಲ್ಲಿ ಅದು ಗೌರವ," ಎಂದೆ.

"ನಿಮ್ಮಲ್ಲಿ," ಎಂದಳು.

ಆ ರಾತ್ರಿ ಮನೆಯಲ್ಲಿ ಗಂಡ, "ಪೇಂಟ್ ತಾನೇ? ಟಚ್ ಅಪ್ ಮಾಡ್ಕೋತಾರೆ ಬಿಡು, ಸಾರಿ ಹೇಳ್ದೆ ಅಲ್ವಾ?" ಎಂದ. ಹೇಳಿದ್ದೆ. ಆಕೆ ಎರಡು ದಿನ ರಜೆ ಹಾಕಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬಿಳಿ ಬಳಿದಳು. ಒಣಗಿದ ಮೇಲೆ ಒಳಗಿನಿಂದ ಗುಲಾಬಿ ಮತ್ತೆ ತಲೆಯೆತ್ತುತ್ತಿತ್ತು. ಮೂರನೆಯ ಸಲ ಬಳಿದಾಗ ತಿಳಿಯಾಯಿತು, ಹೋಗಲಿಲ್ಲ. ಅಷ್ಟು ಹೊತ್ತೂ ನಾನು ಪಕ್ಕದಲ್ಲೇ ಕಟ್ಟಿನ ಮರ ಉಜ್ಜುತ್ತಿದ್ದೆ, ನನ್ನ ಬಾಯಿಗೆ ಯಾವ ಕಥೆಯೂ ಬರಲಿಲ್ಲ. ಶುಕ್ರವಾರ ಸಂಜೆ ಅವಳು ಕುಂಚ ತೊಳೆದು, "ಅಮ್ಮನ ಕಣ್ಣಿಗೆ ಕಾಣ್ದೆ ಇರಬಹುದು" ಎಂದಳು. ತಾಯಿಯ ಕಣ್ಣು ಮಂದವಾಗಿದ್ದರೆ ಒಳ್ಳೆಯದೆಂದು ನಾನೂ ಬಯಸಿದೆ. ಹಾಗೆ ಬಯಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಶನಿವಾರ ಹೋಗದೆ ತಪ್ಪಿಸಿಕೊಳ್ಳಬಹುದಿತ್ತು. ಹೋದೆ. ಸಭಾಂಗಣದಲ್ಲಿ ಇಪ್ಪತ್ತು ಜನ, ಕಾಫಿ, ಬಿಸ್ಕತ್ತು. ತಾಯಿ ಗಟ್ಟಿ ಮೈಕಟ್ಟಿನ ಹೆಂಗಸು, ತಲೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಮಗಳ ತೋಳು ಹಿಡಿದು ಬಂದು ಹಾವಿನ ಮುಂದೆ ನಿಂತರು. ಮುಖವನ್ನು ಚಿತ್ರಕ್ಕೆ ಗೇಣಷ್ಟು ಹತ್ತಿರ ತಂದು ಬಾಲದಿಂದ ಶುರುಮಾಡಿ ಮೇಲೆ ಮೇಲೆ ನೋಡುತ್ತಾ ಹೋದರು. ತುಟಿ ಅಲುಗುತ್ತಿತ್ತು, ಏನೋ ಹಾಡುತ್ತಿದ್ದರು. ಹೆಡೆಯ ಹತ್ತಿರ ಹಾಡು ನಿಂತಿತು.

ಅವರ ಭಾಷೆಯಲ್ಲಿ ಏನೋ ಹೇಳಿದರು. ಮಗಳು ನನ್ನ ಕಡೆ ನೋಡದೆ ಇಂಗ್ಲಿಷಿನಲ್ಲಿ ಹೇಳಿದಳು: "ಇದು ನಮ್ ಗೋಡೇಲಿ ಇರ್ಲಿಲ್ಲ ಅಂತಿದಾಳೆ."

ಅವಳು ನನ್ನ ಹೆಸರು ಎತ್ತುತ್ತಿರಲಿಲ್ಲ. ನಾನೇ ಮುಂದೆ ಹೋಗಿ, "ನಾನು ಹಚ್ಚಿದ್ದು. ದೇವರು ಅಂತ ಹಚ್ಚಿದೆ," ಎಂದೆ.

ಮಗಳು ಅದನ್ನು ಹೇಳಿದಳು. ತಾಯಿ ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ, ತಿಳಿದುಕೊಳ್ಳಲು ಕೇಳುವವರ ಮುಖ. ಒಂದೇ ಪ್ರಶ್ನೆ ಕೇಳಿದರು.

"ಇವನ ಹೆಸರೇನು ಅಂತ ಕೇಳ್ತಿದಾಳೆ," ಎಂದಳು ಮಗಳು.

ನನಗೆ ಗೊತ್ತಿರಲಿಲ್ಲ. ಅಂಗಡಿಯ ಚೀಟಿಯಲ್ಲಿ ನಾನೇ ಬರೆದದ್ದು ಬಿಳಿ ಹಾವು ಎಂದು. ಬೇಸಿಗೆಯಿಂದ ಅಕ್ಟೋಬರಿನ ತನಕ ಅವಳಿಗೆ ನಮ್ಮ ದೇವರುಗಳ ಹೆಸರು ಸಾಲು ಸಾಲಾಗಿ ಹೇಳಿದ್ದೆ, ಅವಳ ಒಂದು ದೇವರ ಹೆಸರನ್ನೂ ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ.

"ದಾಂಬಾಲಾ," ಎಂದರು ತಾಯಿ, ಮಗುವಿಗೆ ಹೇಳಿಕೊಡುವಷ್ಟು ನಿಧಾನವಾಗಿ. ಮತ್ತೆ ಚಿತ್ರದ ಕಡೆ ತಿರುಗಿ, ಬಲಗೈ ಎತ್ತಿ ಆ ಗುಲಾಬಿ ಕಲೆಯನ್ನು ಅಂಗೈಯಿಂದ ಪೂರ್ತಿಯಾಗಿ ಮುಚ್ಚಿದರು. ಹಾಗೆ ಮುಚ್ಚಿಕೊಂಡೇ ಉಳಿದ ಹಾವನ್ನು, ಕಾಮನಬಿಲ್ಲನ್ನು, ಮೊಟ್ಟೆಯನ್ನು ನೋಡಿದರು. ಹಾಡು ಮತ್ತೆ ಶುರುವಾಯಿತು. ಅವರ ತೋಳು ಸೋತಾಗ ಮಗಳು ಅದನ್ನು ಮೆಲ್ಲಗೆ ಇಳಿಸಿ, ಅಲ್ಲಿ ತನ್ನ ಕೈ ಇಟ್ಟಳು.