ಗಿರಣಿ ಮನೆಯ ಕೆಂಪು ಗುರುತು

ಮೋಜಣಿ ಕೆಲಸಕ್ಕೆ ಸೇರಿದ ಮೇಲೆ ನಾನು ಜಗಳವಾಡದ ಯಂತ್ರವಿಲ್ಲ. ಮನೆಯ ಮಿಕ್ಸಿ ಕೂಡ ನನ್ನ ಬೈಗುಳಕ್ಕೆ ಹೆದರುತ್ತದೆ ಎಂದು ನನ್ನ ಗಂಡ ಆಡಿಕೊಳ್ಳುತ್ತಾನೆ. ಹಡಗಲಿಯಲ್ಲಿ ಹುಟ್ಟಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಎಂದು ರಸ್ತೆ ಅಳೆಯುತ್ತಲೇ ಅರ್ಧ ಆಯುಷ್ಯ ಕಳೆದವಳು ನಾನು. ಬಿಸಿಲಲ್ಲಿ ಕೋಲು ಹಿಡಿದು ನಿಂತ ಹೆಂಗಸನ್ನು ಕಂಡರೆ ಈ ಕಡೆಯ ಜನ ಮೊದಲು ನಗುತ್ತಾರೆ, ಆಮೇಲೆ ಕುಡಿಯಲು ನೀರು ಕೊಡುತ್ತಾರೆ, ಚೊಂಬು ವಾಪಸು ತೆಗೆದುಕೊಳ್ಳುವಾಗ ಮೆಲ್ಲಗೆ "ನಮ್ಮ ಮನಿ ಹೋಗತೈತೇನ್ರಿ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಕೂಡದೆಂದು ಮೇಲಿನವರ ತಾಕೀತು. ನಾನು ಹೇಳಿಬಿಡುತ್ತೇನೆ. ನೀರು ಕುಡಿದ ಋಣ ಇರುತ್ತದಲ್ಲ.

ಕಾನಹೊಸಹಳ್ಳಿಯ ಹೆದ್ದಾರಿಯಿಂದ ಒಳಕ್ಕೆ ಹೋಗುವ ರಸ್ತೆಯೊಂದನ್ನು ಅಗಲ ಮಾಡುವ ಕೆಲಸ ಬಂದಿತ್ತು. ದಾರಿಯಲ್ಲೊಂದು ಹಳ್ಳಿ. ಆ ಹಳ್ಳಿಯ ಮೂಡಣ ಸಾಲಿನಲ್ಲಿ ಒಂದು ಹಿಟ್ಟಿನ ಗಿರಣಿ. ಮುಂದಿನ ಕೋಣೆಯಲ್ಲಿ ಗಿರಣಿ, ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ. ಗಂಡ ಗೌಂಡಿ. ಅವನಿಗೆ ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುತ್ತಿದ್ದದ್ದು ಹೆಂಡತಿ ನಡೆಸುತ್ತಿದ್ದ ಗಿರಣಿಯಿಂದ. ಆ ಕೋಣೆಯನ್ನು ಅವನೇ ಕಟ್ಟಿದ್ದ, ನೆಲಕ್ಕೆ ಕಾಂಕ್ರೀಟು ಸುರಿದು ಗಿರಣಿ ಅಲುಗಾಡದ ಹಾಗೆ ಕೂರಿಸಿದ್ದ. ಮೊದಲ ಸಲ ಅಳೆಯಲು ಹೋದಾಗ ಅವಳು ಹಿಟ್ಟು ಮೆತ್ತಿದ ಕೈಯಲ್ಲೇ ನೀರು ತಂದು ಅದೇ ಪ್ರಶ್ನೆ ಕೇಳಿದ್ದಳು. "ಇಲ್ಲವ್ವ, ನಿನ್ನ ಗೋಡಿಗಿಂತ ಒಂದೂವರೆ ಅಡಿ ಮುಂದs ನಿಲ್ಲತೈತಿ ರಸ್ತೆ. ಗಿರಣಿ ಉಳೀತು," ಎಂದಿದ್ದೆ. ಅವಳು ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣಿಗೆ ಹಿಟ್ಟು ಹೋಯಿತೆಂದು ಹೇಳಿದಳು, ನಾನು ನಂಬಿದಂತೆ ನಟಿಸಿದೆ.

ನಮ್ಮ ಅಳತೆಯ ಕ್ರಮ ಹೀಗೆ. ಊರ ಹೊರಗೆ ಒಂದು ಕಲ್ಲು ನೆಟ್ಟು, ಅದರ ಜಾಗವನ್ನು ಉಪಗ್ರಹಗಳಿಂದ ತಾಸುಗಟ್ಟಲೆ ಕೂತು ನಿಖರವಾಗಿ ಕಂಡುಕೊಳ್ಳುತ್ತೇವೆ. ಆ ಕಲ್ಲಿನ ಮೇಲೆ ಮುಕ್ಕಾಲಿಯಲ್ಲಿ ಕೂರುವ ಯಂತ್ರಕ್ಕೆ ಬೇಸ್ ಎನ್ನುತ್ತಾರೆ. ತಾನು ಎಲ್ಲಿದ್ದೇನೆ ಎಂಬುದು ಅದಕ್ಕೆ ಗೊತ್ತಿರುವುದರಿಂದ, ಕೋಲಿನ ತುದಿಯಲ್ಲಿ ಊರೆಲ್ಲ ಅಲೆಯುವ ಇನ್ನೊಂದು ಯಂತ್ರವನ್ನು ಅದು ತಿದ್ದುತ್ತಿರುತ್ತದೆ. ಹಿಂದೆ ಬೇಸ್ ಹೂಡುವಾಗ ಕಲ್ಲಿನ ಅಂಕಿಗಳನ್ನು ನಾವೇ ತುಂಬಬೇಕಿತ್ತು. ಈಗಿನದು ಸ್ವಯಂಚಾಲಿತ. ಗುಂಡಿ ಒತ್ತಿದರೆ ಸಾಕು, ತಾನು ಹಿಂದೆ ಕೂತ ಜಾಗ ಹತ್ತಿರದಲ್ಲಿದ್ದರೆ ಇದು ಅದೇ ಎಂದುಕೊಂಡು ಹಳೆಯ ಅಂಕಿಗಳನ್ನೇ ಹಾಕಿಕೊಂಡು ಹಸಿರು ದೀಪ ತೋರಿಸುತ್ತದೆ. ಒಂದೆರಡು ಮೀಟರಿನ ವ್ಯತ್ಯಾಸವನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಳೆಯ ನೆಂಟರ ಮನೆಗೆ ಕಣ್ಣು ಮುಚ್ಚಿಕೊಂಡು ನುಗ್ಗಿದ ಹಾಗೆ.

ಮಂಜೂರಾತಿ ತಡವಾಗಿ ಕೆಲಸ ನಿಂತಿತು. ಮತ್ತೆ ಶುರುವಾದಾಗ ನಾನು ಹಡಗಲಿ ಕಡೆಯ ಇನ್ನೊಂದು ರಸ್ತೆಯಲ್ಲಿದ್ದೆ. ಗುತ್ತಿಗೆಯವರ ಎಂಜಿನಿಯರ್ ಹಳ್ಳಿಗೆ ಹೋಗಿ, ಕಲ್ಲಿನ ಮೇಲೆ ಅದೇ ಬೇಸ್ ಇಟ್ಟು, ಗುಂಡಿ ಒತ್ತಿ, ಎರಡೂ ಬದಿಯ ಮನೆಗಳಿಗೆ ಕೆಂಪು ಬಣ್ಣದ ಗುರುತು ಹಾಕಿಸಿ ಬಂದಿದ್ದರು. ಒಂದೇ ದಿನದಲ್ಲಿ ಕೆಲಸ ಮುಗಿಯಿತು ಎಂದು ಫೋನಿನಲ್ಲಿ ಹಿಗ್ಗಿದರು. ವಾರ ಕಳೆದು ನಾನು ಹಳ್ಳಿಗೆ ಹೋದೆ. ಕೆಲಸದ ಹುಡುಗನಿಂದ ಬೇಸ್ ಹೂಡಿಸಿ, ಕೆಲಸಕ್ಕೆ ಮೊದಲು ನನ್ನ ಅಭ್ಯಾಸದಂತೆ, ಹಳ್ಳದ ಸೇತುವೆಯ ಕಟ್ಟೆಗೆ ನಾನೇ ಹೊಡೆದಿದ್ದ ಮೊಳೆಯ ಮೇಲೆ ಕೋಲಿಟ್ಟು ತಾಳೆ ನೋಡಿದೆ. ನಾಲ್ಕು ಅಡಿ ವ್ಯತ್ಯಾಸ. ಕೋಲು ನೆಟ್ಟಗಿತ್ತು, ದೀಪ ಹಸಿರಾಗಿಯೇ ಇತ್ತು. ಮತ್ತೆ ನೋಡಿದೆ, ಮತ್ತೆ ನಾಲ್ಕು ಅಡಿ.

ಕಲ್ಲಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ನನ್ನದೇ ಕಲ್ಲು, ನಾನೇ ಕೊರೆಸಿದ ಕೂಡು ಗುರುತು. ಆದರೆ ಬುಡದ ಸಿಮೆಂಟು ನನ್ನದಲ್ಲ. ಅದರ ಪಕ್ಕದಲ್ಲಿ, ಮೊದಲು ಕಲ್ಲಿದ್ದ ಜಾಗದಲ್ಲಿ, ಪಂಚಾಯಿತಿಯವರ ಹೊಸ ಚರಂಡಿ ಹಾದುಹೋಗಿತ್ತು. ಯಾರೋ ಕಲ್ಲನ್ನು ಕಿತ್ತು, ಮೂಡಣಕ್ಕೆ ನಾಲ್ಕು ಅಡಿ ಸರಿಸಿ, ಮಟ್ಟಸವಾಗಿ ನೆಟ್ಟು ಸುಣ್ಣ ಬಳಿದಿದ್ದರು. ಕಲ್ಲು ಎತ್ತ ಸರಿದಿತ್ತೋ ರಸ್ತೆಯ ಗುರುತುಗಳೂ ಅತ್ತಲೇ ಅಷ್ಟೇ ಸರಿದಿದ್ದವು. ಪಡುವಣ ಸಾಲಿನಲ್ಲಿ ರಸ್ತೆಗೆ ಹೋಗಬೇಕಿದ್ದ ಕಿರಾಣಿ ಅಂಗಡಿಯ ಕಟ್ಟೆ ಉಳಿದಿತ್ತು, ಅಂಗಡಿಯವರು ತಮ್ಮ ಭಾಗ್ಯವೆಂದು ಸುಮ್ಮನಿದ್ದರು. ಹುಚ್ಚು ಮುಂಡೆ ಮದುವೆಯಲ್ಲಿ ಉಂಡವನೇ ಜಾಣ. ನನ್ನ ತಲೆಯಲ್ಲಿದ್ದದ್ದು ಮೂಡಣ ಸಾಲಿನ ಗಿರಣಿ. ಅದರೊಳಗೆ ಎರಡೂವರೆ ಅಡಿ ನುಗ್ಗಿರುತ್ತದೆ ತಪ್ಪು ರಸ್ತೆ. ಗುರುತು ತಪ್ಪು, ಕೋಣೆ ಮುಟ್ಟಬೇಡಿ ಎಂದು ಹೇಳಬೇಕಿತ್ತು. ಬಿಸಿಲಲ್ಲಿ ಹೆಚ್ಚುಕಡಿಮೆ ಓಡಿಕೊಂಡೇ ಹೋದೆ.

ಮುಂದಿನ ಕೋಣೆಯೇ ಇರಲಿಲ್ಲ. ಜೆಸಿಬಿ ಬಂದಿರಲಿಲ್ಲ, ಅವರೇ ಕೆಡವಿದ್ದರು. ಈ ಕಡೆ ಎಲ್ಲರೂ ಮಾಡುವುದು ಹಾಗೆಯೇ. ಯಂತ್ರ ಬಂದರೆ ಎಲ್ಲವನ್ನೂ ಪುಡಿ ಮಾಡುತ್ತದೆ. ಕೈಯಿಂದ ಬಿಚ್ಚಿದರೆ ಬಾಗಿಲು ಚೌಕಟ್ಟು, ತಗಡು, ಕಲ್ಲಾದರೂ ಉಳಿಯುತ್ತವೆ. ಚೌಕಟ್ಟನ್ನು ಬೇಲಿಗೆ ಒರಗಿಸಿದ್ದರು. ಗಿರಣಿಯನ್ನು ಕಾಂಕ್ರೀಟಿನಿಂದ ಕಿತ್ತು ತಾಡಪಾಲು ಹೊದಿಸಿದ್ದರು. ಕರೆಂಟಿನ ತಂತಿ ಸುತ್ತಿ ಮರಕ್ಕೆ ನೇತುಹಾಕಿದ್ದರು. ಗೌಂಡಿ ಕುಕ್ಕರಗಾಲಿನಲ್ಲಿ ಕೂತು ಇಟ್ಟಿಗೆಗೆ ಅಂಟಿದ ಗಾರೆ ಕೆರೆಯುತ್ತಿದ್ದ.

"ಯಾಕಪ್ಪ ಕೆಡವಿದ್ರಿ? ಉಳೀತೈತಿ ಅಂತ ನಾನು ಹೇಳಿದ್ದಿಲ್ಲೇನು?" ನನ್ನ ದನಿ ಏರಿತ್ತು. ಸಿಟ್ಟು ಬರಬೇಕಾದವನು ಅವನು, ಕೂಗಿದವಳು ನಾನು.

"ಬಾಯಿಮಾತು ನೀವು ಹೇಳಿದ್ರಿ ಮೇಡಮ್ಮೋರ. ಬಣ್ಣ ಸರ್ಕಾರ ಹಚ್ಚಿತು. ಯಾವುದು ನಂಬಬೇಕ್ರಿ ನಾವು?"

ಗುರುತು ತಪ್ಪಾಗಿದೆ, ಕೋಣೆ ರಸ್ತೆಗೆ ಬರುತ್ತಲೇ ಇರಲಿಲ್ಲ ಎಂದೆ. ಅವನು ಇಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

"ಹೆಂಗ ತಪ್ತರಿ?"

"ಊರ ಹೊರಗ ಬೇವಿನ ಮರದ ಆಚಿಗೆ ನಮ್ಮ ಕಲ್ಲಿತ್ತಲ್ಲ, ಅದನ್ನ ಯಾರೋ ಕಿತ್ತು ಸರಿಸ್ಯಾರ."

"ಅದು ನಾನs ರಿ," ಎಂದ ತಕ್ಷಣ. ಆ ಗಳಿಗೆಯಲ್ಲಿ ಅವನ ಮುಖದಲ್ಲಿ ಹೆಮ್ಮೆಯೇ ಇತ್ತು. "ಚರಂಡಿ ಕೆಲಸ ನಂದs. ಉಳಿದೋರು ಕಿತ್ತು ಒಗೀ ಅಂದ್ರು. ಸರ್ಕಾರದ ಬಾಂದ್ ಕಲ್ಲು ಒಗದವನ ಮನಿತನ ಉದ್ಧಾರ ಆಗಂಗಿಲ್ಲ ಅಂತ ನಮ್ಮಪ್ಪ ಹೇಳ್ತಿದ್ದ. ಅದಕ್ಕs ತೂಕಗುಂಡು ಬಿಟ್ಟು ಪಕ್ಕದಾಗs ನೆಟ್ಟೀನಿ. ಈಗ ಆನಿ ಬಂದ್ರೂ ಅಲ್ಲಾಡ..."

ಮಾತು ಅಲ್ಲಿಗೇ ನಿಂತಿತು. ದಾರ ಹಿಡಿದು ಗೋಡೆ ಎಬ್ಬಿಸುವವನು ಅವನು, ಗೂಟ ಸರಿದರೆ ಗೋಡೆ ಏನಾಗುತ್ತದೆ ಎಂದು ಯಾರೂ ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ತನ್ನ ಎರಡೂ ಕೈಗಳನ್ನು ನೋಡಿಕೊಂಡ. ನನಗೆ ಅಳು ಬಂತು. ಯಾರನ್ನು ಬೈಯಲಿ? ಕಲ್ಲನ್ನು ಕಿತ್ತೆಸೆದಿದ್ದರೆ ಎಂಜಿನಿಯರ್ ಕಲ್ಲು ಹುಡುಕಿ ಸಿಗದೆ ನನಗೆ ಫೋನು ಮಾಡುತ್ತಿದ್ದರು, ಈ ಕೋಣೆ ಉಳಿಯುತ್ತಿತ್ತು. ಇವನು ಒಳ್ಳೆಯವನಾದದ್ದಕ್ಕೇ ಮನೆ ಬಿತ್ತು.

ಪಕ್ಕಕ್ಕೆ ಹೋಗಿ ಎಂಜಿನಿಯರಿಗೆ ಫೋನು ಮಾಡಿ, ಮನಸ್ಸಿಗೆ ಬಂದ ಹಾಗೆ ಬೈದೆ. ಅವರು ತಣ್ಣಗೆ ಕೇಳಿಸಿಕೊಂಡರು. "ಬೇಸ್ ತಾನೇ ಸೆಟ್ ಆಗಿದ್ದು ಮೇಡಂ, ನಾವು ಕೈ ಹಾಕಿಲ್ಲ. ಇನ್ನು ಮನೆ, ಕೆಡವಿ ಅಂತ ನಾವು ಹೇಳಿದ್ವಾ? ನೋಟಿಸೇ ಕೊಟ್ಟಿರಲಿಲ್ಲ. ಈಗ ಹೇಗೂ ಆ ಕಡೆ ಜಾಗ ಖಾಲಿಯಾಗಿದೆಯಲ್ಲ, ಗುರುತು ಹಾಗೇ ಇರಲಿ ಬಿಡಿ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಕೇಳಿ ಬೆಳೆದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಮೇಲಿನವರಿಗೆ ಬರೆಯುತ್ತೇನೆ ಎಂದೆ. ಬರೆಯಿರಿ ಎಂದರು. ಬರೆದೆ ಕೂಡ, ಗುರುತು ತಿದ್ದಿಸಿದೆ. ಬಿದ್ದ ಗೋಡೆಗೆ ಮಾತ್ರ ಯಾರೂ ಹೊಣೆಯಾಗಲಿಲ್ಲ. ತಾನೇ ಕೆಡವಿಕೊಂಡವನಿಗೆ ಪರಿಹಾರದ ದಾರಿಯೇ ಇಲ್ಲವಂತೆ.

ಅವತ್ತು ಫೋನು ಇಟ್ಟು ತಿರುಗಿದಾಗ ಗೌಂಡಿ ನನ್ನ ಹಿಂದೆಯೇ ನಿಂತಿದ್ದ. "ಆಕಿಗೆ ಕಲ್ಲಿನ ವಿಷಯ ಹೇಳಬ್ಯಾಡ್ರಿ," ಎಂದ. "ನನ್ನ ಮುಖ ನೋಡಾಕಿ ಅಲ್ಲ."

ಅಷ್ಟರಲ್ಲಿ ಹೆಂಡತಿ ಹಿತ್ತಲಿನಿಂದ ಚಹಾ ತಂದಳು. ಮಾತು ಅರ್ಧ ಕೇಳಿಸಿಕೊಂಡಿದ್ದಳು. "ಗುರುತು ತಪ್ಪಂತಲ್ರಿ? ನನ್ನ ಗಿರಣಿ ಸುಮ್ಮಸುಮ್ಮನs ಕಿತ್ತಿವೇನ್ರಿ? ಯಾಕ ತಪ್ತು?"

ಗೌಂಡಿ ನನ್ನತ್ತ ನೋಡಿದ. "ಮಿಷನ್ ತಪ್ಪು ಮಾಡೇತವ್ವ," ಎಂದೆ.

ಅವಳು ತಾಡಪಾಲಿನ ಕಡೆ ತಿರುಗಿದಳು. ಗಾಳಿಗೆ ಸರಿದಿದ್ದ ಅದರ ಅಂಚನ್ನು ಎಳೆದು ಗಿರಣಿಯನ್ನು ಪೂರ್ತಿ ಮುಚ್ಚಿದಳು. ಆಮೇಲೆ ನೆಲದ ಮಣ್ಣು ಹಿಡಿ ತುಂಬ ಎತ್ತಿ ರಸ್ತೆಗೆ ತೂರಿ, "ಆ ಮಿಷನ್ನ ಅಲ್ಲಿ ಕುಂದರಿಸಿದವನ ಕೈ ಸೇದಿಹೋಗ್ಲಿ!" ಎಂದಳು.

"ಹಂಗ ಅನಬ್ಯಾಡ," ಎಂದ ಗಂಡ.

"ಯಾಕ ಅನಬಾರದು?" ಎಂದು ಅವಳು ಇನ್ನೊಂದು ಹಿಡಿ ಮಣ್ಣೆತ್ತಿ, ಅದೇ ಮಾತನ್ನು ಮೊದಲಿಗಿಂತ ಜೋರಾಗಿ ಅಂದಳು.